ಹಾಡು ಬರೆದವರ ಹೆಸರೂ ಕೇಳಿಸಲಿ

‘ಈಗಿನ ಹಾಡುಗಳಲ್ಲಿ ಸಾಹಿತ್ಯವೇ ಇಲ್ಲ’ ಎಂದು ಹಿರಿಯರು ಗೊಣಗುತ್ತಾರೆ. ‘ಹಳೇ ಹಾಡು ಬರೀ ಬೋರು’ ಎಂದು ನಮ್ಮವರು ತಿರುಗೇಟು ಕೊಡುತ್ತಾರೆ. ಈ ಜಗಳದಲ್ಲಿ ನಾನು ಯಾರ ಪರವೂ ಅಲ್ಲ. ಕಾಲಕ್ಕೆ ತಕ್ಕಂತೆ ಹಾಡು ಬದಲಾಗಲೇಬೇಕು. ನನ್ನ ತಕರಾರು ಬೇರೆ: ಈ ಬದಲಾವಣೆಯಲ್ಲಿ ಹಾಡು ಬರೆದವರ ಹೆಸರೇ ಕಾಣೆಯಾಗುತ್ತಿದೆ.

ಹಾಡಿಗೆ ಅಳತೆ ಕೊಟ್ಟದ್ದು ಅದನ್ನು ಹೊತ್ತು ತಂದ ಸಾಧನ. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ಹಾಡೂ ಅಷ್ಟಕ್ಕೇ ಒಗ್ಗಿಕೊಂಡಿತು. 1957ರಲ್ಲಿ ಶುರುವಾದ ವಿವಿಧ ಭಾರತಿ ಸಿನಿಮಾ ಹಾಡನ್ನು ಅಡುಗೆಮನೆಗೆ ತಂದಿತು. 1978ರ ‘ನಿತ್ಯೋತ್ಸವ’ ಕ್ಯಾಸೆಟ್ ಮೈಸೂರು ಅನಂತಸ್ವಾಮಿ ಸಂಗೀತದಲ್ಲಿ ನಿಸಾರ್ ಅಹಮದ್ ಕವಿತೆಗಳನ್ನು ಸಿನಿಮಾದ ಹಂಗಿಲ್ಲದೆ ಮನೆಮನೆಗೆ ಮುಟ್ಟಿಸಿತು. 1987ರ ‘ಪ್ರೇಮಲೋಕ’ಕ್ಕೆ ಸಾಹಿತ್ಯ, ಸಂಗೀತ ಎರಡನ್ನೂ ಕೊಟ್ಟ ಹಂಸಲೇಖ, ಆಡುಮಾತನ್ನೇ ಹಾಡಾಗಿಸಿದರು. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ಯ ಹಾಡುಗಳು ಮೊಬೈಲ್‌ಗಳಲ್ಲಿ ರಿಂಗಣಿಸಿದವು. ಈಗ ರೀಲ್ಸ್ ಕಾಲ; ಮೂವತ್ತು ಸೆಕೆಂಡ್ ಸಾಕು.

ರೇಡಿಯೊದಲ್ಲಿ ಹಾಡಿಗೆ ಮುಂಚೆ ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ಹೆಸರು ಹೇಳುತ್ತಿದ್ದರು. ಚಿ. ಉದಯಶಂಕರ್ ಅವರ ಮುಖ ಕಾಣದವರಿಗೂ ಹೆಸರು ಬಾಯಿಪಾಠವಾಗಿದ್ದು ಹೀಗೆಯೇ. ಕ್ಯಾಸೆಟ್ಟಿನ ಹೊದಿಕೆಯಲ್ಲೂ ಹೆಸರುಗಳಿರುತ್ತಿದ್ದವು. ಇಂದಿನ ಆ್ಯಪ್‌ಗಳಲ್ಲಿ ಗಾಯಕರ ಹೆಸರು ಎದುರಿಗಿದ್ದರೆ, ಕವಿಯ ಹೆಸರನ್ನು ಹುಡುಕಬೇಕು. ರೀಲ್ಸ್‌ನಲ್ಲಂತೂ ಕೇಳುವುದೇ ಬೇಡ.

‘ಹೆಸರಲ್ಲೇನಿದೆ’ ಎನ್ನಬೇಡಿ. ಕೆಲಸ ಹುಡುಕುವವನಿಗೆ ಹೆಸರೇ ಬಯೋಡೇಟಾ. ನನ್ನ ರೂಮ್‌ಮೇಟ್ ಕಿರುಚಿತ್ರವೊಂದಕ್ಕೆ ಹಾಡು ಬರೆದ. ‘ಹೆಸರು ಆಮೇಲೆ ಹಾಕೋಣ’ ಎಂದರು. ಆ ಆಮೇಲೆ ಬರಲೇ ಇಲ್ಲ. ಮುಂದೆ ಇನ್ನೊಂದು ಕಡೆ ಅವಕಾಶ ಕೇಳಿದಾಗ, ‘ನೀನೇ ಬರೆದದ್ದು ಅಂತ ಏನು ಗ್ಯಾರಂಟಿ?’ ಎಂಬ ಪ್ರಶ್ನೆ ಎದುರಾಯಿತು. ಅವನ ಬಳಿ ಉತ್ತರವಿರಲಿಲ್ಲ.

2012ರ ಹಕ್ಕುಸ್ವಾಮ್ಯ ತಿದ್ದುಪಡಿ ಕಾಯ್ದೆ ಕವಿ ಮತ್ತು ಸಂಗೀತ ನಿರ್ದೇಶಕರ ಪರವಾಗಿದೆ. ಸಿನಿಮಾ ಹಾಡು ಚಿತ್ರಮಂದಿರದ ಆಚೆ ಬಳಕೆಯಾದರೆ ಅವರಿಗೂ ಗೌರವಧನದ ಪಾಲು ಸಲ್ಲಬೇಕು. ಆ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಡುವಂತೆಯೂ ಇಲ್ಲ. ಆದರೆ ಹೆಸರೇ ದಾಖಲಾಗದಿದ್ದರೆ ಪಾಲು ಯಾರಿಗೆ?

ಹಾಗಾಗಿ ಗೆಳೆಯರೇ, ರೀಲ್ಸ್ ಹಾಕುವಾಗ ಬರೆದವರ ಹೆಸರನ್ನೂ ಒಂದು ಸಾಲು ಸೇರಿಸಿ. ಕಾಲೇಜು ವಾರ್ಷಿಕೋತ್ಸವದ ನಿರೂಪಣೆಯಲ್ಲಿ ಅದನ್ನು ಹೇಳಿ. ನೀವೇ ಬರೆಯುವವರಾದರೆ, ಹಾಡು ಕೈಗಿಡುವ ಮೊದಲು ಹೆಸರಿನ ಮಾತನ್ನು ಬರಹದಲ್ಲೇ ಪಡೆಯಿರಿ. ಸಂಕೋಚ ಬೇಡ, ಅದು ನಿಮ್ಮ ದುಡಿಮೆ.