ದಡದಿಂದಲೋ, ದೋಣಿಯಿಂದಲೋ?

ಅಟ್ಲಾಸ್ ತೆರೆದು ದಕ್ಷಿಣ ಅಮೆರಿಕದ ನೆತ್ತಿಯ ಮೇಲೆ ಕಣ್ಣಾಡಿಸಿ. ವೆನೆಜುವೆಲಾ ಕರಾವಳಿಯಾಚೆ, ಕೆರಿಬಿಯನ್ ಸಮುದ್ರದಲ್ಲಿ ಮೂರು ಚುಕ್ಕಿಗಳು ಸಾಲಾಗಿ ಸಿಗುತ್ತವೆ: ಅರೂಬಾ, ಕ್ಯುರಸಾವ್, ಬೊನೇರ್. ಮೂರರಲ್ಲಿ ಪೂರ್ವಕ್ಕಿರುವ ಬೊನೇರ್‌ನ ವಿಸ್ತೀರ್ಣ ಸುಮಾರು 288 ಚದರ ಕಿಲೋಮೀಟರ್. 2010ರಿಂದ ಇದು ನೆದರ್ಲೆಂಡ್ಸ್ ದೇಶದ ಒಂದು ವಿಶೇಷ ಪುರಸಭೆ. ಡಚ್ಚರ ನಾಡು ಎಲ್ಲಿ, ಈ ದ್ವೀಪ ಎಲ್ಲಿ! ಚರಿತ್ರೆಯ ಇಂಥ ವಿಚಿತ್ರಗಳು ಕೆರಿಬಿಯನ್‌ನಲ್ಲಿ ಹೆಜ್ಜೆಗೊಂದು ಸಿಗುತ್ತವೆ.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವ ಸ್ಕೂಬಾ ಡೈವಿಂಗ್ ಪ್ರಿಯರಿಗೆ ಬೊನೇರ್ ಎಂದರೆ ಯಾತ್ರಾಸ್ಥಳವಿದ್ದಂತೆ. ಅಲ್ಲಿಗೆ ಹೋದವರೆಲ್ಲ ಎದುರಿಸಲೇಬೇಕಾದ ಪ್ರಶ್ನೆಯೊಂದಿದೆ. ದಡದಿಂದ ನಡೆದುಕೊಂಡೇ ಸಮುದ್ರಕ್ಕೆ ಇಳಿಯುವುದೋ, ದೋಣಿ ಹತ್ತಿ ಹೋಗಿ ಧುಮುಕುವುದೋ? ಕೇಳಲು ಇದು ಬಸ್ಸೋ ರೈಲೋ ಎಂಬಷ್ಟು ಸಣ್ಣ ಪ್ರಶ್ನೆ. ‘ದಡವೇ ಸುಲಭ, ಅಗ್ಗ, ಅಪಾಯವಿಲ್ಲದ್ದು, ದೋಣಿ ಪಳಗಿದವರಿಗೆ’ ಎಂದು ಹಲವರು ಲೆಕ್ಕ ಹಾಕುತ್ತಾರೆ. ಈ ಲೆಕ್ಕದಲ್ಲಿ ಅರ್ಧ ಮಾತ್ರ ಸರಿ.

ಮೊದಲಿಗೆ, ಇಂಥ ಆಯ್ಕೆ ಬೊನೇರ್‌ನಲ್ಲೇ ಏಕೆ ಇಷ್ಟು ಸಲೀಸು? ನಮ್ಮ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವವರಿಗೆ ಈ ಪ್ರಶ್ನೆಯೇ ಇಲ್ಲ. ಹವಳ ಮತ್ತು ತಿಳಿನೀರು ಇರುವುದು ದಡದಿಂದ ಸುಮಾರು 19 ಕಿಲೋಮೀಟರ್ ಆಚೆ, ದೋಣಿಯಿಲ್ಲದೆ ಗತಿಯಿಲ್ಲ. ಬೊನೇರ್‌ನ ಕಥೆ ಬೇರೆ. ಅದು ಸಮುದ್ರದ ತಳದಿಂದ ಎದ್ದು ನಿಂತ ಬೆಟ್ಟವೊಂದರ ತುದಿ. ವರ್ಷಕ್ಕೆ ಬೀಳುವ ಮಳೆ ಐನೂರು ಮಿಲಿಮೀಟರ್ ಆಸುಪಾಸು. ಹೊಳೆಗಳಿಲ್ಲ, ಆದ್ದರಿಂದ ಹೊಳೆ ಹೊತ್ತು ತರುವ ಕೆಸರೂ ಇಲ್ಲ. ಪಶ್ಚಿಮದ ದಡದಲ್ಲಿ ಕಾಲು ಒದ್ದೆಯಾದ ಕೂಡಲೇ ಒಂದು ಜಗಲಿ ಶುರುವಾಗುತ್ತದೆ. ಮರಳು ಮತ್ತು ಹವಳದ ಚೂರುಗಳ ಜಗಲಿ. ಅದರ ಅಗಲ ಕೆಲವೆಡೆ ಇಪ್ಪತ್ತು ಮೀಟರ್, ಕೆಲವೆಡೆ ಇನ್ನೂರಕ್ಕೂ ಹೆಚ್ಚು. ಜಗಲಿಯ ಅಂಚು ಸಿಗುವುದು ಸುಮಾರು 10ರಿಂದ 12 ಮೀಟರ್ ಆಳದಲ್ಲಿ. ಅಲ್ಲಿಂದ ಹವಳದ ಇಳಿಜಾರು ಕತ್ತಲೆಯತ್ತ ಜಾರುತ್ತದೆ.

ಇನ್ನೊಂದು ಕಾರಣ ಗಾಳಿ. ಭೂಗೋಳದ ಪಾಠದಲ್ಲಿ ಬರುವ ವಾಣಿಜ್ಯ ಮಾರುತಗಳು ಇಲ್ಲಿ ವರ್ಷದ ಬಹುಪಾಲು ಪೂರ್ವದಿಂದ ಬೀಸುತ್ತವೆ. ಪೂರ್ವದ ದಡಕ್ಕೆ ಅಲೆಗಳು ಅಪ್ಪಳಿಸುತ್ತಲೇ ಇರುತ್ತವೆ. ದ್ವೀಪವೇ ಅಡ್ಡ ನಿಂತಿರುವುದರಿಂದ ಪಶ್ಚಿಮದ ದಡ ಕೆರೆಯಂತೆ ಶಾಂತ. ಗುರುತು ಹಾಕಿದ ಎಂಬತ್ತಕ್ಕೂ ಹೆಚ್ಚು ತಾಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ದಡದಿಂದಲೇ ಹೋಗಬಹುದು. ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳ ಮೇಲೆ ತಾಣಗಳ ಹೆಸರುಗಳಿರುತ್ತವೆ. ಬಾಡಿಗೆಯ ಪಿಕಪ್ ವಾಹನದ ಹಿಂದೆ ಸಿಲಿಂಡರ್‌ಗಳನ್ನು ಹೇರಿಕೊಂಡು ಹೋಗುವುದು, ಹಳದಿ ಕಲ್ಲು ಕಂಡಲ್ಲಿ ನಿಲ್ಲಿಸುವುದು, ಇಳಿಯುವುದು. ಬೆಳಿಗ್ಗೆ ಆರಕ್ಕೋ ರಾತ್ರಿ ಎಂಟಕ್ಕೋ, ಯಾವ ನಾವಿಕನ ಅಪ್ಪಣೆಗೂ ಕಾಯಬೇಕಾಗಿಲ್ಲ. ಇದೇ ಸ್ವಾತಂತ್ರ್ಯಕ್ಕೆ ಜನ ಅಷ್ಟು ದೂರದಿಂದ ಹುಡುಕಿಕೊಂಡು ಬರುತ್ತಾರೆ.

ಆದರೆ ದಡದ ಡೈವಿಂಗ್‌ನಲ್ಲಿ ಕಾಲು ಉಳುಕುವುದು, ಮೊಣಕಾಲು ತರಚುವುದು ನಡೆಯುವುದು ಆಳದಲ್ಲಲ್ಲ, ಮೊಣಕಾಲುದ್ದದ ನೀರಿನಲ್ಲಿ! ಅಲ್ಯುಮಿನಿಯಂ ಸಿಲಿಂಡರ್ ಒಂದೇ ಸುಮಾರು 15 ಕಿಲೋ ತೂಗುತ್ತದೆ. ಅದರ ಮೇಲೆ ನೀರಿನಲ್ಲಿ ಮುಳುಗಲು ಬೇಕಾದ ಸೀಸದ ತೂಕ ಬೇರೆ. ಇಷ್ಟನ್ನು ಹೊತ್ತು, ಚೂಪಾದ ಸುಣ್ಣಕಲ್ಲು ಮತ್ತು ಜಾರುವ ಹವಳದ ಚೂರುಗಳ ಮೇಲೆ ನಡೆಯಬೇಕು. ಬಂಡೆಯ ಸಂದಿಯಲ್ಲಿ ಮೈತುಂಬ ಕಪ್ಪು ಮುಳ್ಳಿರುವ ಸೀ ಅರ್ಚಿನ್ ಕುಳಿತಿರಬಹುದು. ಆದ್ದರಿಂದ ಗಟ್ಟಿ ಅಟ್ಟೆಯ ಬೂಟು ಇಲ್ಲದೆ ದಡದಿಂದ ಇಳಿಯುವ ಮಾತೇ ಇಲ್ಲ. ಫಿನ್ ಎಂಬ ರಬ್ಬರ್ ಈಜುರೆಕ್ಕೆಯನ್ನು ದಡದಲ್ಲೇ ತೊಟ್ಟು ನಡೆದವರು ಮುಗ್ಗರಿಸುವುದು ಖಚಿತ. ಎದೆಮಟ್ಟದ ನೀರಿಗೆ ಹೋಗಿ, ತೇಲುತ್ತಾ ತೊಡುವುದು ಜಾಣತನ. ಉತ್ತರದ ಕಡೆ ‘ಸಾವಿರ ಮೆಟ್ಟಿಲು’ ಎಂಬ ಹೆಸರಿನ ತಾಣವಿದೆ. ಎಣಿಸಿದರೆ ಮೆಟ್ಟಿಲುಗಳು ಎಪ್ಪತ್ತರ ಆಸುಪಾಸು ಮಾತ್ರ. ಸಿಲಿಂಡರ್ ಹೊತ್ತು ಬಿಸಿಲಲ್ಲಿ ಮೇಲೇರಿದವರು ಯಾರೂ ಆ ಹೆಸರಿಗೆ ತಕರಾರು ಎತ್ತಿಲ್ಲ.

ದೋಣಿಯಲ್ಲಿ ಈ ಪಾಡಿಲ್ಲ. ಬೆಂಚಿನ ಮೇಲೆ ಕುಳಿತೇ ಎಲ್ಲ ಕಟ್ಟಿಕೊಂಡು, ಸಿಬ್ಬಂದಿಯ ಕೈ ಹಿಡಿದು ಅಂಚಿಗೆ ಬಂದು ಒಂದು ದೊಡ್ಡ ಹೆಜ್ಜೆ ಇಟ್ಟರೆ ನೀರು. ಮುಗಿಸಿ ಬಂದಾಗ ಏಣಿ ಕಾದಿರುತ್ತದೆ. ಹಿರಿಯರಿಗೆ, ಬೆನ್ನುನೋವಿನವರಿಗೆ, ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ. ಪಶ್ಚಿಮ ದಡದಿಂದ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಕ್ಲೈನ್ ಬೊನೇರ್ ಎಂಬ ಜನವಸತಿ ಇಲ್ಲದ ಪುಟ್ಟ ದ್ವೀಪವಿದೆ; ಅದರ ಸುತ್ತಲ ಹವಳದ ದಿಬ್ಬಗಳನ್ನು ನೋಡಲು ದೋಣಿಯೇ ಬೇಕು. ಸಮುದ್ರಯಾನವೆಂದರೆ ಹೊಟ್ಟೆ ತೊಳಸುವವರಿಗೂ ಇಲ್ಲಿ ಸಮಾಧಾನವಿದೆ: ಪ್ರಯಾಣ ಚಿಕ್ಕದು, ನೀರು ಶಾಂತ.

ಈಗ ನಿಜವಾದ ವ್ಯತ್ಯಾಸಕ್ಕೆ ಬರೋಣ. ಅದು ಹೊರೆಯದ್ದಲ್ಲ, ಖರ್ಚಿನದ್ದೂ ಅಲ್ಲ. ತೀರ್ಮಾನ ಯಾರದು ಎಂಬುದು. ದೋಣಿಯಲ್ಲಿ ಸ್ಥಳ, ಹೊತ್ತು, ನೀರಿನ ಸೆಳೆತದ ದಿಕ್ಕು, ಹಿಂದಿರುಗುವ ಗಳಿಗೆ ಎಲ್ಲವನ್ನೂ ಅನುಭವಿಯೊಬ್ಬ ನೋಡಿಕೊಳ್ಳುತ್ತಾನೆ. ದಡದಿಂದ ಇಳಿದವರು ತಾವೇ ನಾವಿಕರು, ತಾವೇ ಮಾರ್ಗದರ್ಶಕರು. ತಲೆಯ ಮೇಲೆ ಕಾದು ನಿಂತ ದೋಣಿಯಿಲ್ಲ. ಎಲ್ಲಿ ಇಳಿದರೋ ಅಲ್ಲಿಗೇ ಮರಳಬೇಕು, ಅದೂ ಸಿಲಿಂಡರ್‌ನಲ್ಲಿ ಗಾಳಿ ಇರುವಾಗಲೇ.

ಆ ಗಾಳಿಯ ಲೆಕ್ಕ ಪಿ.ಯು.ಸಿ. ಭೌತವಿಜ್ಞಾನದ್ದೇ. 11 ಲೀಟರ್ ಸಿಲಿಂಡರ್‌ನಲ್ಲಿ 200 ವಾಯುಭಾರದ ಒತ್ತಡದಲ್ಲಿ ಗಾಳಿ ತುಂಬಿದರೆ ಸುಮಾರು 2,200 ಲೀಟರ್. ಅದರಲ್ಲಿ 50 ವಾಯುಭಾರದಷ್ಟನ್ನು ಆಪತ್ತಿಗೆಂದು ಮೀಸಲಿಟ್ಟರೆ ಬಳಕೆಗೆ ಉಳಿಯುವುದು 1,650 ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ನೀರಿನ ಮೇಲೆ ಇದು 80 ನಿಮಿಷ ದಾಟಿ ಬರುತ್ತದೆ. ಆದರೆ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರ ಹೆಚ್ಚುತ್ತದೆ. 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು, ಪ್ರತಿ ಉಸಿರಿಗೂ ಮೂರು ಪಟ್ಟು ಗಾಳಿ. ಅದೇ 1,650 ಲೀಟರ್ ಅಲ್ಲಿ ಸುಮಾರು 27 ನಿಮಿಷಕ್ಕೆ ಖಾಲಿ! ದಡದಿಂದ ಹೋದವರಿಗೆ ಈ 27 ನಿಮಿಷದಲ್ಲೇ ಹೋಗುವುದೂ ಬರುವುದೂ ಆಗಬೇಕು. ಹಾಗಾಗಿ ಮೊದಲು ಸೆಳೆತಕ್ಕೆ ಎದುರಾಗಿ ಈಜಿ, ದಣಿದು ಮರಳುವಾಗ ಸೆಳೆತದ ಜತೆಗೆ ಬರುವುದು ವಾಡಿಕೆ. ಬಳಸಬಹುದಾದ ಗಾಳಿಯಲ್ಲಿ ಮೂರನೇ ಒಂದು ಪಾಲು ಮುಗಿದ ಕೂಡಲೇ, ಎದುರಿಗೆ ಎಂಥ ಆಮೆಯೇ ಬರಲಿ, ತಿರುಗಿಬಿಡಬೇಕು.

ಗಾಳಿ ಮುಗಿದರೆ ಮೇಲೆ ಬಂದು ಈಜಿದರಾಯಿತು ಎನ್ನುವವರು ಇದ್ದಾರೆ. ಅವರು ಮರೆಯುವುದು ಅದೇ ವಾಣಿಜ್ಯ ಮಾರುತವನ್ನು. ಪಶ್ಚಿಮ ದಡವನ್ನು ಶಾಂತವಾಗಿಟ್ಟಿರುವ ಆ ಪೂರ್ವದ ಗಾಳಿ, ನೀರಿನ ಮೇಲೆ ತೇಲುವ ಎಲ್ಲವನ್ನೂ ದಡದಿಂದ ಆಚೆಗೇ ತಳ್ಳುತ್ತದೆ. ದಡಕ್ಕೆ ಬೆನ್ನು ಮಾಡಿ ಬೀಸುವ ಗಾಳಿಗೆ ದೊಡ್ಡ ಅಲೆ ಏಳುವುದಿಲ್ಲ. ಅಪಾಯ ಕಣ್ಣಿಗೇ ಕಾಣುವುದಿಲ್ಲ. ದಣಿದ ಈಜುಗಾರನಿಗೆ ಐವತ್ತು ಮೀಟರ್ ದೂರವೂ ಕರಗುವುದಿಲ್ಲ. ನೀರಿನೊಳಗೇ ಇಳಿಜಾರನ್ನು ಬಲಕ್ಕೋ ಎಡಕ್ಕೋ ಇಟ್ಟುಕೊಂಡು, ಜಗಲಿ ಹತ್ತಿ ಮರಳುವುದೇ ಕ್ಷೇಮ. ಹಾಗೆ ಬಂದವರಿಗೆ ಒಂದು ಲಾಭವೂ ಉಂಟು. ಆಳದಲ್ಲಿ ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಲೆಂದು ಎಲ್ಲ ಮುಳುಗುಗಾರರೂ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು. ದೋಣಿಯವರು ಹಗ್ಗ ಹಿಡಿದು ಬೇಸರದಿಂದ ಎಣಿಸುವ ಆ ನಿಮಿಷಗಳನ್ನು ದಡದವರು ಜಗಲಿಯ ಮೇಲೆ ಗಿಳಿಮೀನು ನೋಡುತ್ತಾ ಕಳೆಯುತ್ತಾರೆ.

ಮಕ್ಕಳ ಮಾತು ಬೇರೆಯೇ. ಪಾಡಿ ಎಂಬ ಅಂತಾರಾಷ್ಟ್ರೀಯ ತರಬೇತಿ ಸಂಸ್ಥೆಯ ನಿಯಮದಂತೆ 10 ವರ್ಷಕ್ಕೆ ಕಿರಿಯರ ಪ್ರಮಾಣಪತ್ರ ಪಡೆಯಬಹುದು. 10, 11ರ ಪ್ರಾಯದವರು 12 ಮೀಟರ್‌ಗಿಂತ ಆಳಕ್ಕೆ ಹೋಗುವಂತಿಲ್ಲ. ತರಬೇತಿ ಪಡೆದ ಹೆತ್ತವರೋ ಪೋಷಕರೋ ವೃತ್ತಿಪರರೋ ಜತೆಗಿರಲೇಬೇಕು. ಬೊನೇರ್‌ನ ಜಗಲಿ ಈ ಮಿತಿಗೆ ಅಳತೆ ಹಿಡಿದು ಮಾಡಿದಂತಿದೆ. ಆದರೂ ಮೊದಲ ಎರಡು ದಿನ ದೋಣಿ, ಅನಂತರ ಮಾರ್ಗದರ್ಶಕರೊಡನೆ ದಡ, ಎಂಬ ಕ್ರಮ ಹೆಚ್ಚು ಸರಿ. ಒತ್ತಡ ಸೂಚಿಸುವ ಮಾಪಕವನ್ನು ಯಾರೂ ಹೇಳದೆಯೇ ನೋಡುವ ಅಭ್ಯಾಸ ಮಗುವಿಗೆ ಬಂದಿದೆಯೇ ಎಂಬುದನ್ನು ಅಪ್ಪ ಅಮ್ಮ ಗಮನಿಸಬೇಕು. ಉಸಿರು ಬಿಗಿಹಿಡಿದು ಮೇಲೇರಬಾರದು ಎಂಬುದು ಅದಕ್ಕಿಂತ ಮುಖ್ಯ: 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿಯಾಗುತ್ತದೆ, ಪುಪ್ಪುಸ ಅದನ್ನು ತಾಳದು.

ಹವಳದ ಕಡೆಯಿಂದ ನೋಡಿದರೆ ಯಾವುದು ಲೇಸು? ಬೊನೇರ್‌ನವರು ಇದನ್ನು ಬೇಗನೇ ಯೋಚಿಸಿದವರು. ಈಟಿ ಹಿಡಿದು ಮೀನು ಬೇಟೆಯಾಡುವುದು 1971ರಲ್ಲಿ ನಿಂತಿತು. 1979ರಲ್ಲಿ ದ್ವೀಪದ ಸುತ್ತಲ ಸಮುದ್ರ, 60 ಮೀಟರ್ ಆಳದವರೆಗೆ, ಸಂರಕ್ಷಿತ ಉದ್ಯಾನವಾಯಿತು. ಲಂಗರು ಬಿದ್ದರೆ ನೂರು ವರ್ಷದ ಹವಳ ಪುಡಿಯಾಗುತ್ತದೆಂದು ದೋಣಿಗಳಿಗೆ ತೇಲುಬುರುಡೆಗಳನ್ನು ಕಟ್ಟಲಾಯಿತು. ಅಲ್ಲಿ ಕೈಗವಸು ತೊಡುವುದೂ ನಿಷಿದ್ಧ. ಕೈಗವಸು ಇದ್ದವರು ಹವಳ ಮುಟ್ಟಲು ಅಂಜುವುದಿಲ್ಲವಲ್ಲ! ಹೀಗಾಗಿ ಅಲ್ಲಿ ದೋಣಿಯವರ ಪಾದ ಹವಳಕ್ಕೆ ತಾಗುವುದು ಕಡಿಮೆ. ದಡದವರು ಅದೇ ದಾರಿಯಲ್ಲಿ ನಿತ್ಯ ತುಳಿಯುತ್ತಾರೆ. 2023ರಲ್ಲಿ ಕಲ್ಲುಹವಳದ ಅಂಗಾಂಶ ನಾಶದ ರೋಗ ಬೊನೇರ್‌ಗೂ ಬಂದಿತು. ಅಂದಿನಿಂದ ಒಂದು ತಾಣದಿಂದ ಇನ್ನೊಂದಕ್ಕೆ ಒದ್ದೆ ಸಲಕರಣೆ ಹೊತ್ತು ಹಾರುವುದು ಮುಂಚಿನಷ್ಟು ನಿರಾಳ ಸಂಗತಿಯಲ್ಲ; ಸೋಂಕುನಿವಾರಕದಲ್ಲಿ ತೊಳೆದು ಮುಂದೆ ಹೋಗುವುದು ಮುನ್ನೆಚ್ಚರಿಕೆ. ದಿನಕ್ಕೆ ಮೂರು ಹಳದಿ ಕಲ್ಲು ಮುಗಿಸುವ ಆತುರದವರಿಗೆ ಇದು ಮುಖ್ಯ.

ಎರಡೂ ಕಡೆಯಿಂದ ತಲುಪಬಹುದಾದ ಒಂದು ತಾಣವೂ ಇದೆ. 72 ಮೀಟರ್ ಉದ್ದದ ‘ಹಿಲ್ಮಾ ಹೂಕರ್’ ಎಂಬ ಸರಕು ಹಡಗಿನಲ್ಲಿ ಬಚ್ಚಿಟ್ಟ ಗಾಂಜಾ ಸಿಕ್ಕಿ, ತನಿಖೆ ನಡೆಯುತ್ತಿರುವಾಗಲೇ 1984ರ ಸೆಪ್ಟೆಂಬರ್‌ನಲ್ಲಿ ಅದು ಮುಳುಗಿತು. ಈಗ ಎರಡು ಹವಳದ ದಿಬ್ಬಗಳ ನಡುವೆ, ಸುಮಾರು 30 ಮೀಟರ್ ಆಳದಲ್ಲಿ ಮಗ್ಗುಲಾಗಿ ಮಲಗಿದೆ. ಅಷ್ಟು ಆಳದಲ್ಲಿ ಒತ್ತಡ ನಾಲ್ಕು ಪಟ್ಟು. ದಡದಿಂದ ಈಜಿ ಹೋಗಿ ನೋಡಿ ಬರುವವರಿದ್ದಾರೆ. ಆದರೆ ಹೊಸಬರು ಅದನ್ನು ದೋಣಿಗೆ ಬಿಡುವುದೇ ಮೇಲು.

ಒಂದು ವಾರ ಇರುವವರು ಎರಡನ್ನೂ ಬೆರೆಸಿಕೊಳ್ಳುವುದು ರೂಢಿ. ಯಾವುದನ್ನೇ ಆರಿಸಿದರೂ ಉದ್ಯಾನದ ಶುಲ್ಕ ಕಟ್ಟಬೇಕು, ನಿಯಮಗಳ ಪಾಠ ಕೇಳಬೇಕು, ಸ್ಥಳೀಯರ ಕಣ್ಣೆದುರು ಒಮ್ಮೆ ಮುಳುಗಿ ತೋರಿಸಬೇಕು. ಹಲವು ಸಲ ಮುಳುಗಿದವರು ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಮೇಲಿನ ತೆಳುಗಾಳಿಯಲ್ಲಿ, ರಕ್ತದಲ್ಲಿ ಉಳಿದ ಸಾರಜನಕ ಗುಳ್ಳೆಯಾಗಿ ಏಳಬಹುದು. ಆದ್ದರಿಂದ ಕೊನೆಯ ದಿನ ದಡವೂ ಇಲ್ಲ, ದೋಣಿಯೂ ಇಲ್ಲ. ಅಂದು ಪಿಕಪ್ ದಕ್ಷಿಣದ ಉಪ್ಪಿನ ಗದ್ದೆಗಳತ್ತ ತಿರುಗುತ್ತದೆ. ಅಲ್ಲಿ ರಾಜಹಂಸಗಳು ನಿಂತಿರುತ್ತವೆ.