ಅಜ್ಜನ ಕೋವಿಯ ಅಡಿಭಾಗ ಓದಿರಿ

ಡೆಂಕಣಿಕೋಟೆ, ಅಂಚೆಟ್ಟಿ, ಪೆನ್ನಾಗರದ ಕಡೆಯ ಹಳೆಯ ಒಕ್ಕಲು ಮನೆಗಳಲ್ಲಿ ಅಜ್ಜನ ಕಾಲದ ಜೋಡುನಳಿಗೆಯ ಕೋವಿ ಇರುವುದುಂಟು. ರಾಗಿ, ನೆಲಗಡಲೆ ಹೊಲಕ್ಕೆ ನುಗ್ಗುವ ಹಂದಿಗಳ ಕಾಟಕ್ಕೆಂದು ಹಿರಿಯರು ಕೊಂಡದ್ದು. ನಳಿಗೆಯ ಹಿಂದೆ ಎರಡು ಕುದುರೆಗಳು ಕಿವಿ ನಿಮಿರಿಸಿದಂತೆ ಹೊರಗೇ ನಿಂತಿರುತ್ತವೆ. ಮನೆಯವರು ಅದನ್ನು ಇಂಗ್ಲೆಂಡಿನ ಕೋವಿ ಎಂದು ಹೆಮ್ಮೆಪಡುವರು, ಇಲ್ಲವೇ ಹಳೆ ಕಬ್ಬಿಣವೆಂದು ಮೂಲೆಗೆ ಎಸೆಯುವರು. ಎರಡೂ ತಪ್ಪೆಂದು ನಮ್ಮ ಅಭಿಪ್ರಾಯ.

ಮೇಲೆ ಕೆತ್ತಿದ ಹೆಸರನ್ನು ನಂಬತಕ್ಕದ್ದಲ್ಲ. ಅದು ಮಾರಿದ ಅಂಗಡಿಯ ಹೆಸರಾಗಿರಬಹುದು. ಹೆಸರಾಂತ ಇಂಗ್ಲಿಷ್ ತಯಾರಕರನ್ನು ಹೋಲುವ ಹೆಸರು ಹಾಕಿ ಮಾರಿದ ಬೆಲ್ಜಿಯಂ ಕೋವಿಗಳೂ ಬಹಳ. ನಿಜವಾದ ಜಾತಕ ಇರುವುದು ನಳಿಗೆಯ ಅಡಿಯಲ್ಲಿ. ತೋಟಾ ಇಲ್ಲವೆಂದು ಮೊದಲು ಎರಡು ಸಲ ನೋಡಿಕೊಳ್ಳಿರಿ. ಬಳಿಕ ನಳಿಗೆ ಬಿಚ್ಚಿ, ಅಡಿಯ ಚಪ್ಪಟೆ ಭಾಗವನ್ನು ಎಣ್ಣೆ ಬಟ್ಟೆಯಿಂದ ಒರೆಸಿರಿ. ಮೊಟ್ಟೆಯಾಕಾರದ ಗೆರೆಯೊಳಗೆ ಇ.ಎಲ್.ಜಿ. ಎಂಬ ಮೂರು ಅಕ್ಷರ, ಕೆಳಗೆ ನಕ್ಷತ್ರ ಕಂಡರೆ ಅದು ಬೆಲ್ಜಿಯಂ ದೇಶದ ಲೀಯೇಜ್ ಪಟ್ಟಣದ ಪರೀಕ್ಷಾಲಯದ ಮುದ್ರೆ. ಮೇಲೆ ಕಿರೀಟವೂ ಇದ್ದರೆ ೧೮೯೩ರಿಂದ ಈಚಿನದು. ಪಕ್ಕದಲ್ಲಿ ಚಿಕ್ಕ ಕಂಬದ ಗುರುತಿರುವುದು. ಅದು ಆ ಪಟ್ಟಣದ ಲಾಂಛನ.

ಲೀಯೇಜಿನ ಸುತ್ತಣ ಹಳ್ಳಿಗಳಲ್ಲಿ ಈ ಕೆಲಸ ಮನೆಮನೆಯ ಕಸುಬಾಗಿತ್ತು. ಒಂದು ಮನೆಯವರು ನಳಿಗೆ ಮಾಡಿದರೆ ಇನ್ನೊಂದು ಮನೆಯವರು ಕುದುರೆ ಅರೆಯುವರು, ಮತ್ತೊಬ್ಬರು ಹಿಡಿಗೆ ಮರ ಕೆತ್ತುವರು. ಹಳೆಯ ನಳಿಗೆಗಳ ಮೈಮೇಲೆ ಸುರುಳಿ ಸುರುಳಿ ಗೆರೆ ಕಾಣುವುದುಂಟು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹಗ್ಗದಂತೆ ಹೊಸೆದು, ಕಾಯಿಸಿ ಬೆಸೆದುದರಿಂದ ಬಂದ ಗೆರೆಗಳವು. ಇದಕ್ಕೆ ಡಮಾಸ್ಕಸ್ ನಳಿಗೆಯೆಂದು ಹೆಸರು. ಕೈಕೆಲಸದ ಬೆಲೆ ಬಲ್ಲ ರೈತನು ಅದನ್ನು ನೋಡಿ ಮೆಚ್ಚದಿರಲಾರ.

ಮೆಚ್ಚುವುದು ಬೇರೆ, ಹಾರಿಸುವುದು ಬೇರೆ. ಆ ಕೋವಿಗಳಲ್ಲಿ ಬಹುಪಾಲು ಕರಿಮದ್ದಿಗಾಗಿ ಪರೀಕ್ಷೆಯಾದವು. ಇಂದಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದ ಲೀಯೇಜ್ ಕೋವಿಗೆ ಸಿಂಹದ ಗುರುತೂ ಪಿ.ವಿ. ಎಂಬ ಅಕ್ಷರಗಳೂ ಇರುತ್ತವೆ. ತೋಟಾದ ಉದ್ದವೂ ಮುಖ್ಯ. ಹಳೆಯ ೧೨ ಬೋರಿನ ಕೋವಿಗಳಲ್ಲಿ ಅನೇಕವು ೬೫ ಮಿ.ಮೀ. ತೋಟಾಕ್ಕೆ ಮಾಡಿದವು. ೭೦ ಮಿ.ಮೀ. ತೋಟಾವೂ ಅದರೊಳಗೆ ಸುಲಭವಾಗಿ ಕೂಡುವುದು. ಹಾರಿಸಿದಾಗ ಮಾತ್ರ ಅದರ ಬಾಯಿ ಬಿಚ್ಚಲು ಎಡೆ ಸಾಲದೆ ಒತ್ತಡ ಏರುವುದು. ಒಳಗೆ ತುಕ್ಕು ತಿಂದ ನಳಿಗೆ ಸಿಡಿದರೆ ಮೊದಲು ಹೋಗುವುದು ಎಡಗೈ ಬೆರಳುಗಳು. ಆದುದರಿಂದ ಬಲ್ಲ ಕೋವಿ ಕಮ್ಮಾರನು ನೋಡಿ ಹೇಳುವ ತನಕ ತೋಟಾ ತುಂಬಲೇಬಾರದು.

ಕಾಗದದ ಮಾತೂ ಇದೆ. ತೋಟಾ ಹಾಕುವ ಕೋವಿ ಎಷ್ಟು ಹಳೆಯದಾದರೂ ೧೯೫೯ರ ಆಯುಧ ಕಾಯಿದೆಯಂತೆ ಲೈಸನ್ಸು ಬೇಕು. ಲೈಸನ್ಸುದಾರರು ತೀರಿಹೋದರೆ ಕೋವಿಯನ್ನು ತಡಮಾಡದೆ ಪೋಲೀಸ್ ಠಾಣೆಯಲ್ಲಾಗಲಿ ಲೈಸನ್ಸುಳ್ಳ ಕೋವಿ ವ್ಯಾಪಾರಿಯಲ್ಲಾಗಲಿ ಇಟ್ಟು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಯಜಮಾನರಿಗೆ ೭೦ ವರ್ಷ ತುಂಬಿದ್ದರೆ, ಇಲ್ಲವೆ ಅವರು ಕೋವಿ ಇಟ್ಟುಕೊಂಡು ೨೫ ವರ್ಷವಾಗಿದ್ದರೆ, ಅವರು ಬದುಕಿರುವಾಗಲೇ ಮಗನಿಗೋ ಮಗಳಿಗೋ ವರ್ಗಾಯಿಸಲು ೨೦೧೬ರ ನಿಯಮಗಳಲ್ಲಿ ದಾರಿಯಿದೆ. ಕೋವಿಗೆ ಲೈಸನ್ಸು ಇದ್ದ ಮಾತ್ರಕ್ಕೆ ಹಂದಿ ಹೊಡೆಯಲು ಅಪ್ಪಣೆಯಾಯಿತೆಂದು ತಿಳಿಯಬಾರದು. ೧೯೭೨ರ ವನ್ಯಜೀವಿ ಕಾಯಿದೆ ಬೇರೆಯೇ ಇದೆ.

ಅಜ್ಜನು ಬಿಟ್ಟುಹೋದ ನೇಗಿಲನ್ನು ನಾವು ಸುಡುವುದಿಲ್ಲ, ಹುಳು ತಿಂದದ್ದೆಂದು ತಿಳಿದ ಮೇಲೆ ಎತ್ತಿಗೆ ಹೂಡುವುದೂ ಇಲ್ಲ. ಕೋವಿಗೂ ಅಷ್ಟೇ ಮರ್ಯಾದೆ ಸಾಕು. ಅದರ ಮುದ್ರೆ ಓದಿ, ಮೈಗೆ ಎಣ್ಣೆ ಸವರಿ, ಕಾಗದ ಸರಿಮಾಡಿ ಇಟ್ಟುಕೊಳ್ಳಿರಿ.