ಸರ್ವರ್ ಇದೆ, ದಾರಿ ಇಲ್ಲ

ಗೇರುಬೀಜದ ಫ್ಯಾಕ್ಟರಿಗೆ ರಜೆ ಹಾಕಿ ಬಂದ ಹೆಂಗಸು ಕಚೇರಿಯ ಕಿಟಕಿಯಲ್ಲಿ ನಿಂತಿದ್ದಾಳೆ. ಒಳಗಿನಿಂದ ಉತ್ತರ ಬರುತ್ತದೆ: ‘ಸರ್ವರ್ ಇಲ್ಲೆ ಅಕ್ಕ, ನಾಳಿಗ್ ಬನ್ನಿ.’ ಕಿರಿಮಂಜೇಶ್ವರವಿರಲಿ, ಮರವಂತೆಯಿರಲಿ, ಬೈಂದೂರೇ ಇರಲಿ, ಈ ಮಾತು ಕೇಳದವರು ಕಡಿಮೆ. ಒಂದು ಕಚೇರಿಯತ್ತ ಬೆರಳು ತೋರಿಸುವ ಉದ್ದೇಶ ನಮಗಿಲ್ಲ. ಆದರೆ ಆ ಉತ್ತರ ಎಷ್ಟೋ ಸಲ ಸುಳ್ಳು. ಅದೇ ಹೊತ್ತಿಗೆ ಹೊರಗೆ ನಿಂತ ಹುಡುಗನ ಮೊಬೈಲಿನಲ್ಲಿ, ಒಳಗೆ ತೆರೆಯದ ಅದೇ ಪುಟ ತೆರೆದುಕೊಳ್ಳುತ್ತದೆ. ಸರ್ವರ್ ಬೆಂಗಳೂರಿನಲ್ಲಿ ಕ್ಷೇಮವಾಗಿಯೇ ಇದೆ. ಕಟ್ಟಿಕೊಂಡಿರುವುದು ಇಲ್ಲಿಯ ದಾರಿ.

ಬಿಲ್ಲು ಉಳಿಸಲು ಒಂದೇ ಇಂಟರ್ನೆಟ್ ಸಂಪರ್ಕವನ್ನು ನಾಲ್ಕೈದು ಕಚೇರಿಗಳಿಗೆ ಎಳೆಯುವುದು ತಪ್ಪಲ್ಲ. 10 ಎಂಬಿಪಿಎಸ್ ಲೈನನ್ನು ಐವರು ಹಂಚಿಕೊಂಡರೆ ತಲೆಗೆ 2 ಬರುತ್ತದೆ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕೇಂದ್ರ ಸರ್ಕಾರ 2023ರಲ್ಲಿ ನಿಗದಿ ಮಾಡಿದ ಕನಿಷ್ಠ ವೇಗವೂ ಅಷ್ಟೇ. ಆದರೆ ಅದು ಸಮನಾಗಿ ಹರಿಯುವುದಿಲ್ಲ. ಪಂಚಾಯತ್ ನಳ್ಳಿಗೆ ಕದ್ದು ಪಂಪು ಹಾಕುವವನ ಮನೆ ಟ್ಯಾಂಕಿ ತುಂಬುತ್ತದೆ, ಕೊನೆಯ ಮನೆಗೆ ಗಾಳಿ ಬರುತ್ತದೆ. ಇಲ್ಲೂ ಹಾಗೆಯೇ. ಒಂದು ಕೋಣೆಯಲ್ಲಿ ಮೇಲಧಿಕಾರಿಗಳ ವಿಡಿಯೊ ಸಭೆ, ಇನ್ನೊಂದರಲ್ಲಿ ಹಗಲೇ ತನ್ನಷ್ಟಕ್ಕೆ ಅಪ್‌ಡೇಟ್ ಇಳಿಸಿಕೊಳ್ಳುವ ಕಂಪ್ಯೂಟರ್, ಗೋಡೆಯ ಮೇಲೆ ಹೊತ್ತಿಡೀ ಚಿತ್ರ ಕಳಿಸುವ ಕ್ಯಾಮೆರಾ. ಕಿಟಕಿಯಲ್ಲಿ ನಿಂತ ಹೆಂಗಸು ಕೊಡಬೇಕಾದ ಹೆಬ್ಬೆರಳಿನ ಗುರುತು ಕೆಲವೇ ಕಿಲೊಬೈಟ್. ಅದು ಈ ಸಾಲಿನ ಹಿಂದೆ ನಿಂತು, ಅವಧಿ ಮೀರಿ, ತಿರಸ್ಕಾರವಾಗುತ್ತದೆ. ಆಕೆ ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ಗೇರುಬೀಜದ ಎಣ್ಣೆ ತಾಗಿ ಬೆರಳಿನ ಗೆರೆ ಸವೆದಿರುವುದೂ ಉಂಟು. ಹಾಗಾಗಿ ದೋಷ ಅವಳ ಹೆಬ್ಬೆರಳಿನದೇ ಎಂದಾಗಿಬಿಡುತ್ತದೆ. ತಿಂಗಳ ಡೇಟಾ ಮಿತಿ ಮುಗಿದು ವೇಗ ಕುಸಿದ ಮೇಲಂತೂ ಕೇಳುವುದೇ ಬೇಡ.

ದಾರಿ ಅಗಲ ಮಾಡುವ ಮಾತು ಹೊಸದೇನಲ್ಲ. ಸುಮಾರು 2.5 ಲಕ್ಷ ಗ್ರಾಮ ಪಂಚಾಯತ್‌ಗಳಿಗೆ ತಲಾ 100 ಎಂಬಿಪಿಎಸ್ ಕೊಡುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. 2023ರ ಆಗಸ್ಟಿನಲ್ಲಿ ಮತ್ತೆ 1.39 ಲಕ್ಷ ಕೋಟಿ ರೂಪಾಯಿ ಮಂಜೂರಾಯಿತು. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಬರುವಂತೆ ಕೇಬಲನ್ನು ಬಳೆಯಂತೆ ಸುತ್ತಿಸುವುದೂ ಅದರಲ್ಲಿ ಸೇರಿದೆ. ಹೆದ್ದಾರಿ ಬದಿಯಲ್ಲಿ ಜೆಸಿಬಿ ಗೋರುವ, ಮಳೆಗಾಲದಲ್ಲಿ ಸಿಡಿಲು ಬಡಿಯುವ ನಮ್ಮ ಕರಾವಳಿಗೆ ಅದು ಬೇಕೇ ಬೇಕು. ಆದರೆ ಕೇಬಲ್ ಮುಟ್ಟಿದ ಊರನ್ನೆಲ್ಲ ‘ಸಂಪರ್ಕವಾಗಿದೆ’ ಎಂದು ಬರೆದುಕೊಳ್ಳುವ ಲೆಕ್ಕದಲ್ಲಿ, ದಿನಕ್ಕೆ ಎಷ್ಟು ಜನ ಬರಿಗೈಯಲ್ಲಿ ಮರಳಿದರೆಂಬ ಕಾಲಂ ಇಲ್ಲ.

ನಮಗೆ ಗಾಬರಿ ಹುಟ್ಟಿಸುವುದು ಲೈನಿನ ಬಡತನಕ್ಕಿಂತ ಈ ಅಭ್ಯಾಸ. ‘ನಾಳೆ ಬನ್ನಿ’ ಎನ್ನುವವರಿಗೆ ಸಂಕೋಚವಿಲ್ಲ, ಕೇಳುವವರಿಗೆ ಸಿಟ್ಟಿಲ್ಲ. ಒಂದು ದಿನದ ಕೂಲಿ, ಬಸ್ ಚಾರ್ಜು ಹೋದದ್ದು ಯಾರ ಖಾತೆಗೂ ಬರುವುದಿಲ್ಲ.

ಪ್ರತಿ ಕಚೇರಿಗೆ ಇಷ್ಟು ಪಾಲು ಖಚಿತ, ಅರ್ಜಿ ಕೆಲಸಕ್ಕೆ ಮೊದಲ ದಾರಿ ಎಂದು ರೂಟರಿನಲ್ಲೇ ಗೊತ್ತುಮಾಡಬಹುದು. ತಿಳಿದವರಿಗೆ ಅರ್ಧ ದಿನದ ಕೆಲಸ. ಅಪ್‌ಡೇಟ್ ರಾತ್ರಿ ಇಳಿಯಲಿ. ವಿಡಿಯೊ ಸಭೆಯನ್ನು ಜಿಲ್ಲೆಯವರು ಮಧ್ಯಾಹ್ನ 3ರ ಮೇಲೆ ಕರೆಯಲಿ. ಅದಕ್ಕೆ ಹೊಸ ಕೇಬಲ್ ಬೇಡ, ಒಂದು ಸುತ್ತೋಲೆ ಸಾಕು.